ಟೆಲ್ನೆಟ್ ಬ್ಯಾಕಪ್ ಸ್ಕ್ರಿಪ್ಟ್: ಮೂರು ಸ್ವಿಚ್‌ಗಳ ಫೈಲ್ ಮಾತ್ರ ಎಡವಟ್ಟಾಗಿ ಬರುತ್ತಿದೆ, ಯಾಕೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ನಾನು. ಹೆಸರಿಗೆ ಲ್ಯಾಬು, ಕೆಲಸಕ್ಕೆ ಇಡೀ ಕ್ಯಾಂಪಸ್ಸಿನ ನೆಟ್‌ವರ್ಕು. ಒಟ್ಟು 38 ಸ್ವಿಚ್ ಇವೆ. ಹೆಚ್ಚಿನವು ಸಿಸ್ಕೊ ಕ್ಯಾಟಲಿಸ್ಟ್ 2950 ಮತ್ತು 2960, ನಡುವೆ ಒಂದೆರಡು ಬೇರೆ ಕಂಪನಿಯವು. ಮಳೆಗಾಲ ಶುರುವಾದರೆ ನಮ್ಮಲ್ಲಿ ಸಿಡಿಲಿಗೆ ವರ್ಷಕ್ಕೊಂದಾದರೂ ಸ್ವಿಚ್ ಬಲಿ. ಬದಲಿ ಸ್ವಿಚ್ಚೇನೋ ಸ್ಟೋರಿನಲ್ಲಿ ಇರುತ್ತದೆ. ಆದರೆ ಸುಟ್ಟುಹೋದದ್ದರಲ್ಲಿ ಯಾವ ಪೋರ್ಟು ಯಾವ ವಿಲ್ಯಾನ್‌ನಲ್ಲಿ (ಒಂದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿದ ಉಪ-ನೆಟ್‌ವರ್ಕ್) ಇತ್ತು ಅಂತ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ರಾತ್ರಿ ಹೊತ್ತು ಎಲ್ಲ ಸ್ವಿಚ್‌ಗಳ ಕಾನ್ಫಿಗ್ (ಸೆಟ್ಟಿಂಗ್‌ಗಳ ಪಟ್ಟಿ) ತಾನಾಗಿ ಬ್ಯಾಕಪ್ ಆಗಲಿ ಎಂದು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ, ಟೆಲ್ನೆಟ್‌ಲಿಬ್ (ದೂರದ ಸ್ವಿಚ್ಚಿಗೆ ಟೆಲ್ನೆಟ್ ಮೂಲಕ ಲಾಗಿನ್ ಆಗಿ ಕಮಾಂಡ್ ಕಳಿಸುವ ಪೈಥಾನ್ ಮಾಡ್ಯೂಲ್) ಬಳಸಿ.

ಫೋನಿನಿಂದ ಬರೆಯುತ್ತಿರುವುದರಿಂದ ಕೋಡ್ ಹಾಕುತ್ತಿಲ್ಲ, ಕ್ರಮ ಹೇಳುತ್ತೇನೆ. 'ಯೂಸರ್‌ನೇಮ್:' ಬರುವ ತನಕ ಓದಿ ಹೆಸರು ಕಳಿಸು. 'ಪಾಸ್‌ವರ್ಡ್:' ಬರುವ ತನಕ ಓದಿ ಪಾಸ್‌ವರ್ಡ್ ಕಳಿಸು. > ಬಂದ ಮೇಲೆ 'ಎನೇಬಲ್' (ಪೂರ್ಣ ಅಧಿಕಾರ ಕೇಳುವ ಕಮಾಂಡ್), ಮತ್ತೆ ಪಾಸ್‌ವರ್ಡ್. ಅಲ್ಲಿಂದ ಮುಂದೆ ಎಲ್ಲದಕ್ಕೂ # (ಮುಂದಿನ ಕಮಾಂಡಿಗೆ ಸಿದ್ಧ ಎಂದು ಸ್ವಿಚ್ ತೋರಿಸುವ ಪ್ರಾಂಪ್ಟಿನ ಚಿಹ್ನೆ) ಬರುವ ತನಕ ಓದು. 'ಟರ್ಮಿನಲ್ ಲೆಂತ್ 0' (ಉತ್ತರವನ್ನು ಪುಟಪುಟವಾಗಿ ನಿಲ್ಲಿಸಬೇಡ ಎಂದು), 'ಶೋ ರನ್ನಿಂಗ್-ಕಾನ್ಫಿಗ್', 'ಶೋ ವರ್ಷನ್', 'ಶೋ ವಿಲ್ಯಾನ್ ಬ್ರೀಫ್', ಇವನ್ನು ಇದೇ ಕ್ರಮದಲ್ಲಿ ಕಳಿಸಿ ಒಂದೊಂದರ ಉತ್ತರವನ್ನೂ ಬೇರೆ ಬೇರೆ ಫೈಲಿಗೆ ಬರೆಯುತ್ತೇನೆ. ಪ್ರತಿ ಓದಿಗೂ 5 ಸೆಕೆಂಡ್ ಟೈಮ್‌ಔಟ್ ಕೊಟ್ಟಿದ್ದೇನೆ. ಫೈಲಿನ ಕೊನೆಯ ಅಕ್ಷರ # ಆಗಿದ್ದರೆ 'ಸರಿ' ಅಂತ ಲಾಗ್‌ನಲ್ಲಿ ಬರೆಯುತ್ತದೆ.

ಮೂವತ್ತಕ್ಕೂ ಹೆಚ್ಚು ಸ್ವಿಚ್‌ಗಳಲ್ಲಿ ಚೆನ್ನಾಗಿ ನಡೆಯುತ್ತಿದೆ. ತೊಂದರೆ ಇರುವುದು ಇವುಗಳಲ್ಲಿ:

ಲೈಬ್ರರಿ ಸ್ವಿಚ್. ಕಾನ್ಫಿಗ್ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಕೊನೆಯ ಸಾಲು 'ಡಿಸ್ಕ್ರಿಪ್ಷನ್ ರೀಡಿಂಗ್ ರೂಮ್ ಟೇಬಲ್ #'. ಉಳಿದ ಅರ್ಧ 'ಶೋ ವರ್ಷನ್' ಫೈಲಿನಲ್ಲಿ ಸಿಗುತ್ತದೆ! ವರ್ಷನ್ ವಿವರ ವಿಲ್ಯಾನ್ ಫೈಲಿನಲ್ಲಿದೆ.

ಹಾಸ್ಟೆಲ್ ಸ್ವಿಚ್. ಕಾನ್ಫಿಗ್ ಬಹುಪಾಲು ಬಂದಿದೆ, ಇಂಟರ್‌ಫೇಸ್‌ಗಳೆಲ್ಲ ಇವೆ. ಆದರೆ ವರ್ಷನ್ ಮತ್ತು ವಿಲ್ಯಾನ್ ಫೈಲ್‌ಗಳಲ್ಲಿ ಬರೀ ಒಂದು # ಇದೆ, ಮತ್ತೇನೂ ಇಲ್ಲ.

ಮೆಕ್ಯಾನಿಕಲ್ ಬ್ಲಾಕಿನ ಹಳೇ 2950. ಒಂದು ರಾತ್ರಿ ಪೂರ್ತಿ ಬರುತ್ತದೆ, ಇನ್ನೊಂದು ರಾತ್ರಿ 'ಬಿಲ್ಡಿಂಗ್ ಕಾನ್ಫಿಗರೇಷನ್...' ಎಂಬಲ್ಲಿಗೇ ಮುಗಿಯುತ್ತದೆ. ನಡುವೆ 5 ಸೆಕೆಂಡ್ ಸ್ಲೀಪ್ (ಸುಮ್ಮನೆ ಕಾಯುವುದು) ಹಾಕಿದ ಮೇಲೆ ಸ್ವಲ್ಪ ವಾಸಿ, ಪೂರ್ತಿ ವಾಸಿಯಲ್ಲ.

ಇದರ ಜೊತೆಗೆ ಕೆಲವೊಮ್ಮೆ 'ಕನೆಕ್ಷನ್ ರಿಫ್ಯೂಸ್ಡ್' ಕೂಡ ಬರುತ್ತದೆ. ಸ್ಕ್ರಿಪ್ಟನ್ನು ಲ್ಯಾಪ್‌ಟಾಪಿನಿಂದ ಹೊಸ ಸರ್ವರಿಗೆ ಹಾಕಿದರೆ, ಅಲ್ಲಿ ಪೈಥಾನ್ 3.13 ಇದೆ, ಟೆಲ್ನೆಟ್‌ಲಿಬ್ ಎಂಬ ಮಾಡ್ಯೂಲೇ ಇಲ್ಲ ಅನ್ನುತ್ತದೆ. ಸ್ಲೀಪ್ ಹೆಚ್ಚಿಸಬೇಕೇ? ಎಷ್ಟು? ಸಾಫ್ಟ್‌ವೇರ್ ಕೊಳ್ಳಿ ಅನ್ನಬೇಡಿ ದಯವಿಟ್ಟು. ನಮ್ಮ ಪ್ರಿನ್ಸಿಪಾಲರಿಗೆ ಬ್ಯಾಕಪ್ ಅಂದರೆ ಯುಪಿಎಸ್ ಮಾತ್ರ.

ಪ್ಯಾಕೆಟ್ ಪುರಾಣ

ಈ ಕಾಲದಲ್ಲೂ ಟೆಲ್ನೆಟ್ಟಾ? ಪಾಸ್‌ವರ್ಡ್ ತಂತಿಯ ಮೇಲೆ ಹಾಗೇ ಬತ್ತಲೆ ಹೋಗುತ್ತದೆ. ನಿಮ್ಮ ಹಾಸ್ಟೆಲ್ ಹುಡುಗನೊಬ್ಬ ವೈರ್‌ಶಾರ್ಕ್ (ನೆಟ್‌ವರ್ಕಿನಲ್ಲಿ ಹರಿಯುವ ಡೇಟಾ ಓದುವ ಸಾಫ್ಟ್‌ವೇರ್) ಹಾಕಿಕೊಂಡು ಕೂತರೆ ಕಥೆ ಮುಗಿಯಿತು. ಎಲ್ಲದಕ್ಕೂ ಎಸ್‌ಎಸ್‌ಎಚ್ (ಇದೇ ಕೆಲಸ, ಆದರೆ ಗುಪ್ತಲಿಪಿಯಲ್ಲಿ) ಹಾಕಿ, ಆಮೇಲೆ ಸ್ಕ್ರಿಪ್ಟ್ ಮಾತಾಡೋಣ.

ತುಂಗಾತೀರ

ಸರ್, 2960ಗಳಲ್ಲಿ ಹಾಕಿದ್ದೇನೆ. 2950ಗಳಲ್ಲಿರುವುದು ಕ್ರಿಪ್ಟೊ (ಗುಪ್ತಲಿಪಿ ಸೌಲಭ್ಯ) ಇಲ್ಲದ ಐಒಎಸ್ (ಸಿಸ್ಕೊದ ಆಪರೇಟಿಂಗ್ ಸಿಸ್ಟಮ್) ಇಮೇಜ್. 'ಕ್ರಿಪ್ಟೊ ಕೀ ಜನರೇಟ್' ಎಂದರೆ ಅಂಥ ಕಮಾಂಡೇ ಇಲ್ಲ ಅನ್ನುತ್ತದೆ. ಮ್ಯಾನೇಜ್‌ಮೆಂಟ್ ವಿಲ್ಯಾನ್ (ಸ್ವಿಚ್‌ಗಳ ನಿರ್ವಹಣೆಗೆ ಮಾತ್ರ) ಬೇರೆ ಇದೆ. ವಿಟಿವೈ ಲೈನ್‌ಗಳಿಗೆ (ದೂರದಿಂದ ಲಾಗಿನ್ ಆಗುವ ಬಾಗಿಲುಗಳು) ಆಕ್ಸೆಸ್-ಕ್ಲಾಸ್ (ಯಾರನ್ನು ಬಿಡಬೇಕೆಂಬ ನಿಯಮ) ಹಾಕಿ ಸರ್ವರ್ ಮತ್ತು ನನ್ನ ಲ್ಯಾಪ್‌ಟಾಪ್, ಈ ಎರಡರ ಐಪಿಗೆ ಮಾತ್ರ ಬಿಟ್ಟಿದ್ದೇನೆ. ಸದ್ಯಕ್ಕೆ ಇಷ್ಟೇ ಸಾಧ್ಯ.

ಹಳೇ ಕನ್ಸೋಲ್

ತುಂಗಾತೀರ ಅವರೇ, ಮೊದಲು ಆ ಸ್ಲೀಪ್ ತೆಗೆದುಹಾಕಿ. ಅದು ರೋಗಕ್ಕೆ ಔಷಧಿಯೂ ಅಲ್ಲ, ನೋವಿನ ಮಾತ್ರೆಯೂ ಅಲ್ಲ. ಸುಮ್ಮನೆ ಸಮಯ ತಿನ್ನುತ್ತದೆ.

ನೀವು ಲಕ್ಷಣಗಳನ್ನು ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಂದರೆ ಉತ್ತರ ಅದರಲ್ಲೇ ಇದೆ. ಲೈಬ್ರರಿ ಸ್ವಿಚ್ಚಿನ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. 'ಟೇಬಲ್ #' ಅಂತ ನಿಂತಿದೆ. ಮುಂದೆ 4 ಅಂತಲೋ 12 ಅಂತಲೋ ಇರಲೇಬೇಕು, ಬರೀ ಹ್ಯಾಶ್ ಹಾಕಿ ಯಾರೂ ಟೇಬಲ್ಲಿಗೆ ಹೆಸರಿಡುವುದಿಲ್ಲ. ನಿಮ್ಮ ಸ್ಕ್ರಿಪ್ಟು # ಕಂಡ ಕೂಡಲೇ 'ಓ, ಪ್ರಾಂಪ್ಟ್ ಬಂತು, ಕಮಾಂಡ್ ಮುಗಿಯಿತು' ಅಂದುಕೊಂಡು ಓದುವುದನ್ನು ನಿಲ್ಲಿಸಿತು. ಸ್ವಿಚ್ ಮಾತ್ರ ನಿಲ್ಲಿಸಿಲ್ಲ, ಉಳಿದ ಕಾನ್ಫಿಗ್ ಕಳಿಸುತ್ತಲೇ ಇದೆ. ಅದು ಬಂದು ಬಫರಿನಲ್ಲಿ (ಓದದೆ ಉಳಿದ ಡೇಟಾ ಕಾಯುವ ಜಾಗ) ಕೂತಿತು. ಅಷ್ಟರಲ್ಲಿ ನೀವು 'ಶೋ ವರ್ಷನ್' ಕಳಿಸಿ, ಮುಂದಿನ # ತನಕ ಓದಿದಿರಿ. ಸಿಕ್ಕಿದ್ದು ಹಳೇ ಕಮಾಂಡಿನ ಬಾಲ, ಅದರ ತುದಿಯಲ್ಲಿ ನಿಜವಾದ ಪ್ರಾಂಪ್ಟು. ಅಲ್ಲಿಂದ ಎಲ್ಲವೂ ಒಂದೊಂದು ಮನೆ ಹಿಂದೆ. ಕೊನೆಯ ಕಮಾಂಡಿನ ಉತ್ತರವನ್ನು ನೀವು ಓದದೆಯೇ ಕನೆಕ್ಷನ್ ಮುಚ್ಚಿದ್ದೀರಿ.

ಹಾಸ್ಟೆಲ್ ಸ್ವಿಚ್ಚಿನದೂ ಇದೇ ಜಾತಿ. ಅದರ ಕಾನ್ಫಿಗ್ ಫೈಲಿನ ಕೊನೆಯಲ್ಲಿ 'ಬ್ಯಾನರ್ ಎಂಒಟಿಡಿ' (ಲಾಗಿನ್ ಆಗುವವರಿಗೆ ತೋರಿಸುವ ಸೂಚನೆ) ಇದೆಯೇ ನೋಡಿ. ನಿಮಗಿಂತ ಮೊದಲಿದ್ದವರು 'ಅನಧಿಕೃತ ಪ್ರವೇಶ ನಿಷೇಧ' ಎಂದು ಬರೆದು ಸುತ್ತ ಹ್ಯಾಶ್ ಚಿಹ್ನೆಯ ರಂಗೋಲಿ ಬಿಟ್ಟಿರುತ್ತಾರೆ, ನಾನು ಬರೆದುಕೊಡುತ್ತೇನೆ. ಲಾಗಿನ್ ಆಗುವಾಗ ಆ ಬ್ಯಾನರ್ 'ಯೂಸರ್‌ನೇಮ್:'ಗಿಂತ ಮೊದಲು ಬರುವುದರಿಂದ ನಿಮ್ಮ ಮೊದಲ ಓದು ಅದನ್ನು ನುಂಗಿಬಿಡುತ್ತದೆ, ತೊಂದರೆ ಗೊತ್ತಾಗುವುದಿಲ್ಲ. ಆದರೆ ಅದೇ ಬ್ಯಾನರ್ ಕಾನ್ಫಿಗ್ ಒಳಗೂ ಇದೆಯಲ್ಲ! 'ಶೋ ರನ್' ಅಲ್ಲಿಗೆ ಬಂದ ಕೂಡಲೇ ಮೊದಲ # ಸಿಕ್ಕಿ ಓದು ನಿಂತಿತು. ಮುಂದಿನ ಓದಿಗೆ ರಂಗೋಲಿಯ ಎರಡನೇ #, ಅದರ ಮುಂದಿನದಕ್ಕೆ ಮೂರನೇದು. ಅದಕ್ಕೇ ಒಂದೊಂದು ಫೈಲಿನಲ್ಲೂ ಒಂದೊಂದೇ ಅಕ್ಷರ. ಐಒಎಸ್ ಕಾನ್ಫಿಗ್‌ನಲ್ಲಿ ಬ್ಯಾನರ್ ಬರುವುದು ಹತ್ತಿರ ಹತ್ತಿರ ಕೊನೆಗೆ, 'ಲೈನ್ ಕಾನ್ 0' ಮತ್ತು 'ಲೈನ್ ವಿಟಿವೈ'ಗಿಂತ ಸ್ವಲ್ಪ ಮೊದಲು. ಇಂಟರ್‌ಫೇಸ್‌ಗಳೆಲ್ಲ ಇರುವುದರಿಂದ ಫೈಲ್ ಪೂರ್ತಿ ಇದೆ ಅನ್ನಿಸುತ್ತದೆ. ಸಿಡಿಲು ಬಡಿದ ಮಾರನೇ ದಿನ ಅದನ್ನು ಹೊಸ ಸ್ವಿಚ್ಚಿಗೆ ಹಾಕಿದರೆ ವಿಟಿವೈ ಸಾಲುಗಳೇ ಇಲ್ಲ. ನೀವು ಇಷ್ಟು ಕಾಳಜಿಯಿಂದ ಹಾಕಿದ ಆಕ್ಸೆಸ್-ಕ್ಲಾಸೂ ಇಲ್ಲ. 'ಕೊನೆಯ ಅಕ್ಷರ # ಆದರೆ ಸರಿ' ಎಂಬ ಪರೀಕ್ಷೆಯಲ್ಲಿ ಇಂಥ ಫೈಲುಗಳೇ ಮೊದಲ ದರ್ಜೆಯಲ್ಲಿ ಪಾಸಾಗುತ್ತವೆ.

ಮೂರನೆಯದು, ಮೆಕ್ಯಾನಿಕಲ್ ಬ್ಲಾಕಿನದು, ಬೇರೆ ಕಥೆ. ಟೆಲ್ನೆಟ್‌ಲಿಬ್‌ನ 'ರೀಡ್ ಅಂಟಿಲ್'ಗೆ ಒಂದು ಕೆಟ್ಟ ಗುಣ ಇದೆ: ಟೈಮ್‌ಔಟ್ ಆದರೆ ಎರರ್ ಎತ್ತುವುದಿಲ್ಲ. ಅಷ್ಟೊತ್ತಿಗೆ ಏನು ಬಂದಿದೆಯೋ ಅದನ್ನು ಕೈಗಿಟ್ಟು ಸುಮ್ಮನಾಗುತ್ತದೆ. ಹಳೇ 2950ರ ಪ್ರೊಸೆಸರಿಗೆ 'ಶೋ ರನ್' ಎಂದರೆ ದೊಡ್ಡ ಕೆಲಸ. ಕಮಾಂಡ್ ಕೊಟ್ಟ ಮೇಲೆ ಕಾನ್ಫಿಗನ್ನು ಕಟ್ಟಿ ಕೊಡಬೇಕು, 'ಬಿಲ್ಡಿಂಗ್ ಕಾನ್ಫಿಗರೇಷನ್' ಎಂದು ಹೇಳಿ ಸೆಕೆಂಡುಗಟ್ಟಲೆ ಮೌನ. ನಿಮ್ಮ 5 ಸೆಕೆಂಡ್ ಮುಗಿದರೆ ಅರ್ಧ ಫೈಲು. ಸ್ಲೀಪ್ ಹಾಕಿದಾಗ ವಾಸಿ ಅನ್ನಿಸಿದ್ದು ಅದಕ್ಕೇ, ಒಟ್ಟು ಕಾಯುವ ಹೊತ್ತು ಜಾಸ್ತಿಯಾಯಿತು. ಸ್ವಿಚ್ ಬಿಝಿ ಇದ್ದ ರಾತ್ರಿ ಮತ್ತೆ ಅದೇ ಗೋಳು. ಟೈಮ್‌ಔಟನ್ನು 60ಕ್ಕೆ ಏರಿಸಿ, ಧಾರಾಳವಾಗಿ. ಪ್ರಾಂಪ್ಟ್ ಬಂದ ಕ್ಷಣ ಓದು ಮುಗಿಯುವುದರಿಂದ ಬೇಗ ಉತ್ತರಿಸುವ ಸ್ವಿಚ್ಚಿಗೆ 60 ಕೊಟ್ಟರೂ ನಷ್ಟವಿಲ್ಲ. ಸ್ಲೀಪಿಗೂ ಟೈಮ್‌ಔಟಿಗೂ ಇರುವ ವ್ಯತ್ಯಾಸ ಇದು. ಸ್ಲೀಪ್ 38 ಸ್ವಿಚ್ಚಿಗೂ ಪೂರ್ತಿ ದಂಡ ಹಾಕುತ್ತದೆ, ಟೈಮ್‌ಔಟ್ ತಡಮಾಡಿದವರಿಗೆ ಮಾತ್ರ.

ಈಗ ಸರಿಮಾಡುವ ಬಗೆ. ಪ್ರಾಂಪ್ಟ್ ಹೇಗಿರುತ್ತದೆ ಎಂದು ನೀವು ಊಹಿಸಬೇಡಿ, ಸ್ವಿಚ್ಚನ್ನೇ ಕೇಳಿ. ಎನೇಬಲ್ ಆದ ಮೇಲೆ ಬರೀ ಒಂದು ಎಂಟರ್ ಕಳಿಸಿ. ತಿರುಗಿ ಬಂದದ್ದರ ಕೊನೆಯ ಸಾಲೇ ಆ ಸ್ವಿಚ್ಚಿನ ಪ್ರಾಂಪ್ಟು: ಹೋಸ್ಟ್‌ನೇಮ್ (ಸ್ವಿಚ್ಚಿನ ಹೆಸರು) ಮತ್ತು #, ನಡುವೆ ಜಾಗ ಇಲ್ಲ. ಅದನ್ನು ಒಂದು ವೇರಿಯಬಲ್‌ನಲ್ಲಿಟ್ಟುಕೊಳ್ಳಿ. ಮುಂದೆ ಪ್ರತಿ ಕಮಾಂಡಿಗೂ 'ಹೊಸ ಸಾಲು, ಆ ಪೂರ್ತಿ ಹೆಸರು, #, ಅಲ್ಲಿಗೆ ಬಂದ ಡೇಟಾ ಮುಕ್ತಾಯ' ಎಂಬ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗೆ (ಹುಡುಕಬೇಕಾದ ಅಕ್ಷರಗಳ ಮಾದರಿ) ಕಾಯಿರಿ. ಟೇಬಲ್ ಹ್ಯಾಶು, ರಂಗೋಲಿ ಹ್ಯಾಶು ಯಾವುದೂ ಇದಕ್ಕೆ ಸಿಕ್ಕಿಬೀಳುವುದಿಲ್ಲ. ಒಂದು ಎಚ್ಚರ: ಕಾನ್ಫಿಗ್ ಮೋಡಿಗೆ ಹೋದರೆ # ಹಿಂದೆ ಆವರಣದಲ್ಲಿ ಮೋಡಿನ ಹೆಸರು ಸೇರುತ್ತದೆ, ಹೋಸ್ಟ್‌ನೇಮ್ ತುಂಬಾ ಉದ್ದ ಇದ್ದರೆ ಐಒಎಸ್ ಅದನ್ನು ಕತ್ತರಿಸಿಯೂ ತೋರಿಸುತ್ತದೆ. ಬ್ಯಾಕಪ್ಪಿಗೆ ಈ ತಲೆನೋವಿಲ್ಲ, ಮುಂದೆ ಬೇಕಾದೀತು.

ಇದಕ್ಕೆ ಟೆಲ್ನೆಟ್‌ಲಿಬ್‌ನಲ್ಲೇ 'ಎಕ್ಸ್‌ಪೆಕ್ಟ್' ಎಂಬ ಇನ್ನೊಂದು ಮೆಥಡ್ ಇದೆ. ಅದಕ್ಕೆ ಒಂದೇ ಮಾದರಿ ಕೊಡಬೇಕೆಂದಿಲ್ಲ, ಪಟ್ಟಿ ಕೊಡಬಹುದು: ನಿಜವಾದ ಪ್ರಾಂಪ್ಟು, '--ಮೋರ್--', 'ಪಾಸ್‌ವರ್ಡ್:', 'ಕನ್ಫರ್ಮ್'. ಯಾವುದು ಸಿಕ್ಕಿತು ಎಂದು ಸಂಖ್ಯೆಯಲ್ಲಿ ಹೇಳುತ್ತದೆ. ಟೈಮ್‌ಔಟ್ ಆದರೆ -1. ಆ -1 ಕಂಡರೆ ಫೈಲ್ ಬರೆಯಲೇಬೇಡಿ, ಎರರ್ ಎತ್ತಿ, ನಿನ್ನೆಯ ಫೈಲ್ ಹಾಗೇ ಇರಲಿ. ಉತ್ತರವನ್ನು ತಾತ್ಕಾಲಿಕ ಹೆಸರಿನ ಫೈಲಿಗೆ ಬರೆದು, ಅದರ ಕೊನೆಯಲ್ಲಿ 'ಎಂಡ್' ಎಂಬ ಒಂಟಿ ಸಾಲು ಇದ್ದರೆ ಮಾತ್ರ ನಿಜವಾದ ಹೆಸರು ಕೊಡಿ. ಐಒಎಸ್ ಕಾನ್ಫಿಗ್ ಮುಗಿಯುವುದೇ 'ಎಂಡ್'ನಿಂದ. # ಪರೀಕ್ಷೆಯ ಜಾಗದಲ್ಲಿ ಇದನ್ನು ಕೂರಿಸಿ.

ಈ 'ಬಂದದ್ದನ್ನು ನೋಡಿ ಮುಂದಿನ ಹೆಜ್ಜೆ' ಎಂಬ ವರಸೆ ಹೊಸದೇನಲ್ಲ. ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಮಾನಕ ಸಂಸ್ಥೆಯಲ್ಲಿದ್ದ ಡಾನ್ ಲೈಬ್ಸ್ 1990ರಲ್ಲೇ ಟಿಸಿಎಲ್ ಭಾಷೆಯ ಮೇಲೆ ಎಕ್ಸ್‌ಪೆಕ್ಟ್ ಎಂಬ ಸಾಧನ ಕಟ್ಟಿದ್ದರು. ಪೈಥಾನಿನ ಪಿಎಕ್ಸ್‌ಪೆಕ್ಟ್ ಅದರ ಮರಿ. ನಾನು ಇವತ್ತಿಗೂ ಸಣ್ಣ ಕೆಲಸಕ್ಕೆ ಎಕ್ಸ್‌ಪೆಕ್ಟನ್ನೇ ಎತ್ತಿಕೊಳ್ಳುವುದು. ಹುಡುಗರು ನಗುತ್ತಾರೆ, ನಗಲಿ.

ಕಡಲಕರೆ

ಹಳೇ ಕನ್ಸೋಲ್ ಸರ್ ಹೇಳಿದ್ದು ಒಂದಕ್ಷರ ತಪ್ಪಿಲ್ಲ. ಆದರೆ ತುಂಗಾತೀರ, ಅದನ್ನೆಲ್ಲ ನೀವೇ ಕೂತು ಬರೆಯಬೇಕಾ? ನಾನು ಮಂಗಳೂರಿನಲ್ಲಿ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿದ್ದೇನೆ, ನಮ್ಮಲ್ಲಿ ನಾಲ್ಕು ಬ್ರ್ಯಾಂಡಿನ ಡಬ್ಬಿಗಳಿವೆ. ಕಿರ್ಕ್ ಬಯರ್ಸ್ ಬರೆದ ನೆಟ್‌ಮಿಕೋ ಎಂಬ ಪೈಥಾನ್ ಲೈಬ್ರರಿ ಹಾಕಿಕೊಂಡರೆ ಇದರಲ್ಲಿ ಮುಕ್ಕಾಲು ಪಾಲು ಉಚಿತವಾಗಿ ಬರುತ್ತದೆ. ಡಿವೈಸ್ ಟೈಪ್ ಎಂಬಲ್ಲಿ ಸಿಸ್ಕೊ, ಐಒಎಸ್, ಟೆಲ್ನೆಟ್ ಈ ಮೂರನ್ನು ಅಂಡರ್‌ಸ್ಕೋರ್‌ನಿಂದ ಜೋಡಿಸಿ ಕೊಡಿ. 2960ಗಳಿಗೆ ಕೊನೆಯ ಟೆಲ್ನೆಟ್ ಬಿಟ್ಟರೆ ಅದೇ ಸ್ಕ್ರಿಪ್ಟ್ ಎಸ್‌ಎಸ್‌ಎಚ್‌ನಲ್ಲಿ ಓಡುತ್ತದೆ. ಲಾಗಿನ್ ಆದ ಕೂಡಲೇ ಪ್ರಾಂಪ್ಟ್ ಕಂಡುಹಿಡಿಯುವುದು, 'ಟರ್ಮಿನಲ್ ಲೆಂತ್ 0' ಕಳಿಸುವುದು, ಎಕೋ ಆಗಿ ವಾಪಸ್ ಬಂದ ಕಮಾಂಡನ್ನೂ ತುದಿಯ ಪ್ರಾಂಪ್ಟನ್ನೂ ಕತ್ತರಿಸಿ ನಡುವಿನದ್ದಷ್ಟೇ ಕೊಡುವುದು, ಎಲ್ಲ ಅದರದೇ ಜವಾಬ್ದಾರಿ. 'ಟರ್ಮಿನಲ್ ವಿಡ್ತ್ 511' ಕೂಡ ಕಳಿಸುತ್ತದೆ. ಉದ್ದದ ಕಮಾಂಡು 80 ಅಕ್ಷರಕ್ಕೆ ಮಡಿಚಿಕೊಂಡು ಎಕೋ ಗುರುತೇ ಸಿಗದಂತಾಗುವ ಕಾಟ ಅದರಿಂದ ತಪ್ಪುತ್ತದೆ. 4ನೇ ಆವೃತ್ತಿಯಿಂದ 'ರೀಡ್ ಟೈಮ್‌ಔಟ್' ಎಂಬ ಆಯ್ಕೆ ಇದೆ, ಡೀಫಾಲ್ಟ್ 10 ಸೆಕೆಂಡ್. ನಿಮ್ಮ ಮೆಕ್ಯಾನಿಕಲ್ ಬ್ಲಾಕಿಗೆ 60 ಕೊಡಿ. ಟೈಮ್‌ಔಟ್ ಆದರೆ ಇದು ಸುಮ್ಮನೆ ಕೂರುವುದಿಲ್ಲ, ಎಕ್ಸೆಪ್ಷನ್ ಎಸೆಯುತ್ತದೆ.

3.13ರ ವಿಷಯ: ಪೈಥಾನಿನವರು ಹಳೇ ಮಾಡ್ಯೂಲ್‌ಗಳನ್ನು ಹೊರಹಾಕುವ ಪಿಇಪಿ 594 ಎಂಬ ತೀರ್ಮಾನ ಮಾಡಿದ್ದರು. ಟೆಲ್ನೆಟ್‌ಲಿಬ್‌ಗೆ 3.11ರಲ್ಲಿ ನೋಟಿಸ್, 2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ ವಿದಾಯ. ನೆಟ್‌ಮಿಕೋದ ಹೊಸ ಆವೃತ್ತಿಗಳು ಅದರ ಒಂದು ಪ್ರತಿಯನ್ನು ತಮ್ಮೊಳಗೇ ಇಟ್ಟುಕೊಂಡಿವೆ, ಹಾಗಾಗಿ ಅಲ್ಲಿ ತೊಂದರೆಯಾಗುವುದಿಲ್ಲ. 'ಟೆಲ್ನೆಟ್ ಅಂದರೆ ಬರೀ ಸಾಕೆಟ್ ಅಲ್ಲವಾ, ನಾನೇ ತೆರೆಯುತ್ತೇನೆ' ಎಂದು ಮಾತ್ರ ಹೊರಡಬೇಡಿ. 23ನೇ ಪೋರ್ಟಿಗೆ ಸೇರಿದ ಕೂಡಲೇ ಸ್ವಿಚ್ 255 ಎಂಬ ಬೈಟಿನಿಂದ ಶುರುವಾಗುವ ಸಂಧಾನ ನಡೆಸುತ್ತದೆ. 251 ಎಂದರೆ ನಾನು ಮಾಡುತ್ತೇನೆ, 253 ಎಂದರೆ ನೀನು ಮಾಡು, ಜೊತೆಗೆ ಎಕೋಗೆ 1, ಟರ್ಮಿನಲ್ ಟೈಪಿಗೆ 24 ಹೀಗೆ. 1983ರ ಆರ್‌ಎಫ್‌ಸಿ 854 ಎಂಬ ಟೆಲ್ನೆಟ್ ನಿಯಮಾವಳಿಯ ಕಾಲದ ಪದ್ಧತಿ ಇದು. ಅದಕ್ಕೆ ಉತ್ತರ ಕೊಡದಿದ್ದರೆ ಕೆಲವು ಡಬ್ಬಿಗಳು ಮುಂದುವರಿಯುತ್ತವೆ, ಕೆಲವು ಮುಖ ತಿರುಗಿಸಿ ಕೂರುತ್ತವೆ, ಫೈಲಿನ ತಲೆಯಲ್ಲಂತೂ ಅರ್ಥವಾಗದ ಅಕ್ಷರಗಳು ಸೇರಿಕೊಳ್ಳುತ್ತವೆ.

ಆ ಬೇರೆ ಕಂಪನಿಯ ಸ್ವಿಚ್ಚುಗಳು ಯಾವುವು ಹೇಳಿ. ಪುಟಪುಟಕ್ಕೂ ನಿಲ್ಲುವುದನ್ನು ತಪ್ಪಿಸುವ ಕಮಾಂಡು ಒಂದೊಂದರಲ್ಲಿ ಒಂದೊಂದು: ಜುನಿಪರ್‌ನಲ್ಲಿ 'ಸೆಟ್ ಸಿಎಲ್ಐ ಸ್ಕ್ರೀನ್-ಲೆಂತ್ 0', ಹುವಾವೇಯಲ್ಲಿ 'ಸ್ಕ್ರೀನ್-ಲೆಂತ್ 0 ಟೆಂಪರರಿ', ಎಚ್‌ಪಿ ಪ್ರೊಕರ್ವ್‌ನಲ್ಲಿ 'ನೋ ಪೇಜ್'. ಪ್ರೊಕರ್ವ್ ಆದರೆ ಲಾಗಿನ್ ಆಗುವಾಗ 'ಯಾವುದಾದರೂ ಕೀ ಒತ್ತಿ' ಎಂದು ಬೇರೆ ನಿಲ್ಲುತ್ತದೆ, ಪರದೆ ಅಳಿಸುವ ಎಸ್ಕೇಪ್ ಸಂಕೇತಗಳನ್ನೂ ನಡುನಡುವೆ ತುರುಕುತ್ತದೆ. ನೆಟ್‌ಮಿಕೋದಲ್ಲಿ ಅದಕ್ಕೆ ಬೇರೆ ಡಿವೈಸ್ ಟೈಪ್ ಇದೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಬ್ಯಾಕಪ್ ಫೋಲ್ಡರನ್ನು ಎಲ್ಲರೂ ನೋಡುವ ಶೇರ್‌ನಲ್ಲಿ ಇಡಬೇಡಿ. ಕಾನ್ಫಿಗ್‌ನಲ್ಲಿ 'ಪಾಸ್‌ವರ್ಡ್ 7' ಎಂದು ಗಜಿಬಿಜಿಯಾಗಿ ಕಾಣುವುದನ್ನು ಒಂದು ಕ್ಷಣದಲ್ಲಿ ಬಿಡಿಸಬಹುದು, ಅದು ಗುಪ್ತಲಿಪಿ ಎನ್ನಲೂ ಲಾಯಕ್ಕಿಲ್ಲ. ಎನೇಬಲ್‌ಗೆ 'ಸೀಕ್ರೆಟ್' ಬಳಸಿ.

ತುಂಗಾತೀರ

ಮೇಡಂ, ಸರ್, ಇಬ್ಬರಿಗೂ ವಂದನೆ. ಹಾಸ್ಟೆಲ್ ಸ್ವಿಚ್ಚಿನ ಬ್ಯಾನರ್ ನೋಡಿದೆ. ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು, ಎರಡು ಬದಿಗೂ ಅಂಚು, ಎಲ್ಲಾ ಹ್ಯಾಶ್! ಲೈಬ್ರರಿಯದು 'ಟೇಬಲ್ #6'. ನೆಟ್‌ಮಿಕೋಗೆ ಬದಲಾಯಿಸಿದ್ದೇನೆ. ಸಿಸ್ಕೊದವೆಲ್ಲ 'ಎಂಡ್' ಪರೀಕ್ಷೆ ಪಾಸಾಗುತ್ತಿವೆ. ಬೇರೆ ಕಂಪನಿಯ ಎರಡರಲ್ಲಿ ಒಂದು ಪ್ರೊಕರ್ವೇ, ಅದೂ ಸರಿಹೋಯಿತು. ಇನ್ನೊಂದರ ಮೇಲೆ ಹೆಸರಿನ ಸ್ಟಿಕ್ಕರೇ ಇಲ್ಲ, ಮೆನುವಿನಲ್ಲಿ ಸಂಖ್ಯೆ ಒತ್ತಿ ಒಳಗೆ ಹೋಗುವಂಥದ್ದು. ಅದನ್ನು ಕೈಯಲ್ಲೇ ಬರೆದಿಟ್ಟುಕೊಂಡೆ, ಎಂಟೇ ಪೋರ್ಟು.

ಕನೆಕ್ಷನ್ ರಿಫ್ಯೂಸ್ಡ್ ಮಾತ್ರ ಎರಡು ಸ್ವಿಚ್‌ಗಳಲ್ಲಿ ಇನ್ನೂ ಇದೆ. ಪಿಂಗ್ ಬರುತ್ತದೆ, ಟೆಲ್ನೆಟ್ ಬರುವುದಿಲ್ಲ.

ಹುಬ್ಬಳ್ಳಿ ಹೋಸ್ಟ್

ಇದಕ್ಕ ನಾ ಹೇಳ್ತೀನಿ ತಡೀರಿ. ವಿಟಿವೈ ಲೈನ್ ತುಂಬ್ಯಾವ, ಅಷ್ಟ. ರೌಟರ್‌ಗೋಳಾಗ ಸಾಮಾನ್ಯವಾಗಿ 0 ದಿಂದ 4, ಅಂದ್ರ ಐದ ಮಂದಿ. ಸ್ವಿಚ್‌ನ್ಯಾಗ 0 ದಿಂದ 15, ಹದಿನಾರು ಮಂದಿ. ನಿಮ್ಮ ಹಳೇ ಸ್ಕ್ರಿಪ್ಟು ಎಲ್ಲೋ ನಡುವ ಕನೆಕ್ಷನ್ ಮುಚ್ಚದ ಸಿಕ್ಕೊಂಡು ಕುಂತಿರ್ತದ, ಇಲ್ಲಾ ಲ್ಯಾಪ್‌ಟಾಪ್ ಮುಚ್ಚಿದಾಗ ಕನೆಕ್ಷನ್ ಅರ್ಧಕ್ಕ ಉಳದಿರ್ತದ. ಸ್ವಿಚ್‌ಗೆ ಮಂದಿ ಹೋಗ್ಯಾರಂತ ಗೊತ್ತಿಲ್ಲ. ಸುಮ್ಮನ ಕುಂತ ಸೆಷನ್ ಡೀಫಾಲ್ಟ್ 10 ನಿಮಿಷಕ್ಕ ತಾನ ಬಿದ್ದು ಹೋಗಬೇಕು ಖರೆ. ಆದರ ಯಾರೋ ಪುಣ್ಯಾತ್ಮರು 'ಪದೇ ಪದೇ ಲಾಗೌಟ್ ಆಗತೈತಿ' ಅಂತ ಬ್ಯಾಸರ ಮಾಡಿಕೊಂಡು 'ಎಕ್ಸೆಕ್-ಟೈಮ್‌ಔಟ್ 0 0' ಹಾಕಿರ್ತಾರ. ಆವಾಗ ಆ ಸೆಷನ್ ಸಾಯೂದೇ ಇಲ್ಲ.

ಕನ್ಸೋಲ್ ಕೇಬಲ್ ತಗೊಂಡು ಹೋಗ್ರಿ, 9600 ಬಾಡ್. ಕನ್ಸೋಲ್ ಬ್ಯಾರೆ ಲೈನ್, ಅದಕ್ಕ ಅದು ಬಿಡ್ತದ. 'ಶೋ ಯೂಸರ್ಸ್' ಹೊಡದರ ಎಲ್ಲಾ ನಿಮ್ಮ ಲ್ಯಾಪ್‌ಟಾಪಿನ ಐಪಿನೇ ಕಾಣತೈತಿ ನೋಡ್ರಿ. 'ಕ್ಲಿಯರ್ ಲೈನ್' ಕೊಟ್ಟು ಒಂದೊಂದ ತಗೀರಿ, ಎಕ್ಸೆಕ್-ಟೈಮ್‌ಔಟ್ ತಿರುಗಿ 10ಕ್ಕ ತರ್ರಿ, 'ಸರ್ವೀಸ್ ಟಿಸಿಪಿ-ಕೀಪಲೈವ್ಸ್-ಇನ್' ಹಾಕ್ರಿ, ಆಚೆ ಕಡೆ ಮಂದಿ ಇನ್ನೂ ಅದಾರೇನು ಅಂತ ಅದು ನೋಡತೈತಿ. ಸ್ಕ್ರಿಪ್ಟ್‌ನ್ಯಾಗ ಎರರ್ ಬಂದರೂ ಡಿಸ್ಕನೆಕ್ಟ್ ಆಗೂ ಹಂಗ 'ಫೈನಲಿ' ಒಳಗ ಇಡ್ರಿ. ಮುಗೀತು.

ತುಂಗಾತೀರ

ಅಣ್ಣಾ, ನೀವು ಹೇಳಿದ್ದೇ. ಎರಡರಲ್ಲೂ 0 0 ಇತ್ತು. ಕ್ಲಿಯರ್ ಮಾಡಿದೆ, ಈಗ ಟೆಲ್ನೆಟ್ ಸಿಗುತ್ತಿದೆ.

ಬ್ಯಾಕಪ್ ಸರಿಹೋದ ಮೇಲೆ ಆಸೆ ಹೆಚ್ಚಾಗಿದೆ. ಎಲ್ಲ ಸ್ವಿಚ್‌ಗಳಿಗೂ ಎನ್‌ಟಿಪಿ ಸರ್ವರ್ (ಗಡಿಯಾರ ಸರಿಹೊಂದಿಸುವಂಥದ್ದು) ಹಾಕಬೇಕು. ಲಾಗ್‌ಗಳಲ್ಲಿ ಒಂದೊಂದು ಸ್ವಿಚ್ ಒಂದೊಂದು ದಶಕದಲ್ಲಿ ಬದುಕುತ್ತಿದೆ. ಇದೇ ಸ್ಕ್ರಿಪ್ಟಿನಲ್ಲಿ 'ಕಾನ್ಫಿಗರ್ ಟರ್ಮಿನಲ್' ಕಳಿಸಿ ಮಾಡಬಹುದೇ? ಆಮೇಲೆ ಮ್ಯಾನೇಜ್‌ಮೆಂಟ್ ವಿಲ್ಯಾನ್ ನಂಬರನ್ನೂ ಬದಲಿಸುವ ಯೋಚನೆ ಇದೆ.

ಹಳೇ ಕನ್ಸೋಲ್

ಎನ್‌ಟಿಪಿ ಮಾಡಿ, ಧೈರ್ಯವಾಗಿ. ನೆಟ್‌ಮಿಕೋದಲ್ಲಿ ಕಾನ್ಫಿಗ್ ಸಾಲುಗಳನ್ನು ಪಟ್ಟಿಯಾಗಿ ಕೊಡುವ ಮೆಥಡ್ ಬೇರೆ ಇದೆ, ಅದನ್ನೇ ಬಳಸಿ. ಮೋಡಿನ ಒಳಗೆ ಹೋಗುವುದು, ಹೊರಬರುವುದು ಅದೇ ನೋಡಿಕೊಳ್ಳುತ್ತದೆ. ಆದರೆ ತಿರುಗಿ ಬಂದ ಪಠ್ಯವನ್ನು ಬಿಸಾಕಬೇಡಿ. ಐಒಎಸ್‌ಗೆ ಒಂದು ಸಾಲು ಅರ್ಥವಾಗದಿದ್ದರೆ ನಿಲ್ಲುವುದಿಲ್ಲ. ಶೇಕಡಾ ಚಿಹ್ನೆಯಿಂದ ಶುರುವಾಗುವ 'ಇನ್ವ್ಯಾಲಿಡ್ ಇನ್‌ಪುಟ್' ಎಂದು ಗೊಣಗಿ ಮುಂದಿನ ಸಾಲಿಗೆ ಹೋಗುತ್ತದೆ. ಸಾಲಿನ ತಲೆಯಲ್ಲಿ % ಕಂಡರೆ ಆ ಸ್ವಿಚ್ಚನ್ನು ಅಲ್ಲಿಗೇ ಬಿಟ್ಟು, ಸೇವ್ ಮಾಡದೆ, ಹೆಸರನ್ನು ಪಟ್ಟಿಗೆ ಹಾಕಿ. ಸೇವ್ ಮಾಡುವಾಗ 'ಕಾಪಿ ರನ್ನಿಂಗ್ ಸ್ಟಾರ್ಟಪ್' ಕೊಟ್ಟರೆ ಫೈಲಿನ ಹೆಸರು ಕೇಳಿ ಎಂಟರ್‌ಗೆ ಕಾಯುತ್ತದೆ, ಸ್ಕ್ರಿಪ್ಟು ಪ್ರಾಂಪ್ಟಿಗೆ ಕಾಯುತ್ತದೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಟೈಮ್‌ಔಟ್ ತನಕ ಕೂರುತ್ತಾರೆ. 'ರೈಟ್ ಮೆಮೊರಿ' ಕೊಡಿ, ಅದು ಪ್ರಶ್ನೆ ಕೇಳುವುದಿಲ್ಲ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು 'ಶೋ ಕ್ಲಾಕ್' ಓಡಿಸಿ. ಸಮಯದ ಮುಂದೆ ನಕ್ಷತ್ರ ಚಿಹ್ನೆ ಇದ್ದರೆ ಆ ಗಡಿಯಾರವನ್ನು ಸ್ವಿಚ್ಚೇ ನಂಬುತ್ತಿಲ್ಲ ಎಂದರ್ಥ, ಎನ್‌ಟಿಪಿ ಇನ್ನೂ ಹಿಡಿದಿಲ್ಲ.

ಮ್ಯಾನೇಜ್‌ಮೆಂಟ್ ವಿಲ್ಯಾನ್ ಬದಲಾವಣೆಗೆ ಇಷ್ಟು ಧೈರ್ಯ ಬೇಡ. ಅಲ್ಲಿ ನೀವು ಕೂತ ಕೊಂಬೆಯನ್ನೇ ಕಡಿಯುವುದು. ಬದಲಾವಣೆಗೆ ಮೊದಲು ಕಾನ್ಫಿಗ್ ಸೇವ್ ಮಾಡಿ, 'ರೀಲೋಡ್ ಇನ್ 10' ಕೊಡಿ, 'ಕನ್ಫರ್ಮ್' ಕೇಳಿದಾಗ ಎಂಟರ್. ಆಮೇಲೆ ಬದಲಿಸಿ. ಹೊಸ ವಿಳಾಸದಲ್ಲಿ ಲಾಗಿನ್ ಆಗಲು ಆದರೆ 'ರೀಲೋಡ್ ಕ್ಯಾನ್ಸಲ್' ಕೊಟ್ಟು ಸೇವ್. ಆಗದಿದ್ದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ಬೂಟ್ ಆಗಿ ಹಳೇ ಕಾನ್ಫಿಗ್‌ಗೆ ಮರಳುತ್ತದೆ. ಕ್ರಮ ಉಲ್ಟಾ ಮಾಡಬೇಡಿ. ಮೊದಲು ಬದಲಿಸಿ ಆಮೇಲೆ ರೀಲೋಡ್ ಕೊಟ್ಟರೆ 'ಕಾನ್ಫಿಗ್ ಬದಲಾಗಿದೆ, ಸೇವ್ ಮಾಡಲೇ?' ಎಂದು ಬೇರೆ ಪ್ರಶ್ನೆ ಬರುತ್ತದೆ. ಅದಕ್ಕೆ ಸ್ಕ್ರಿಪ್ಟು 'ಯೆಸ್' ಅಂದುಬಿಟ್ಟರೆ ಕೆಟ್ಟ ಕಾನ್ಫಿಗ್ಗೇ ಶಾಶ್ವತ. ಇದನ್ನು ತರಗತಿ ಇಲ್ಲದ ದಿನ ಮಾಡಿ, ದೂರದ ಕಟ್ಟಡದ ತುದಿಯ ಸ್ವಿಚ್ಚಿನಿಂದ ಶುರುಮಾಡಿ ಒಳಕ್ಕೆ ಬನ್ನಿ. ನಡುವಿನದನ್ನು ಮೊದಲು ಮುಟ್ಟಿದರೆ ಅದರಾಚೆಗಿನದ್ದೆಲ್ಲ ಕೈತಪ್ಪುತ್ತದೆ.

ತುಂಗಾತೀರ

ಎನ್‌ಟಿಪಿ ಎಲ್ಲದಕ್ಕೂ ಹಾಕಿ ಆಯಿತು. ಮೂರು ಹಳೇ ಸ್ವಿಚ್‌ಗಳಲ್ಲಿ ನಕ್ಷತ್ರ ಹೋಗಲು ಹೊತ್ತು ಹಿಡಿಯಿತು, ಹೋಯಿತು. ವಿಲ್ಯಾನ್ ಕೆಲಸ ದಸರಾ ರಜೆಗೆ.

ಒಂದು ಸಣ್ಣ ಪ್ರಶ್ನೆ, ಆಮೇಲೆ ಪೀಡಿಸುವುದಿಲ್ಲ. ಬ್ಯಾಕಪ್ ಫೋಲ್ಡರನ್ನು ಗಿಟ್‌ಗೆ (ಫೈಲ್‌ಗಳ ಬದಲಾವಣೆ ದಾಖಲಿಸುವ ಸಾಧನ) ಹಾಕಿದ್ದೇನೆ, ಏನು ಬದಲಾಯಿತು ಅಂತ ಬೆಳಿಗ್ಗೆ ಮೇಲ್ ಬರುತ್ತದೆ. ಎನ್‌ಟಿಪಿ ಹಾಕಿದಾಗಿನಿಂದ ಯಾರೂ ಮುಟ್ಟದ ಸ್ವಿಚ್‌ಗಳಲ್ಲೂ 'ಎನ್‌ಟಿಪಿ ಕ್ಲಾಕ್-ಪೀರಿಯಡ್' ಎಂಬ ಸಾಲು ಆಗಾಗ ಬದಲಾಗಿದೆ ಅನ್ನುತ್ತಿದೆ. ಆ ಸಾಲನ್ನು ನಾನು ಬರೆದೇ ಇಲ್ಲ.

ಕಡಲಕರೆ

ನೀವಲ್ಲ, ಸ್ವಿಚ್ಚೇ ಬರೆದುಕೊಂಡದ್ದು. ತನ್ನ ಗಡಿಯಾರ ಎಷ್ಟು ಓಡುತ್ತದೆ, ಎಷ್ಟು ಹಿಂದೆ ಬೀಳುತ್ತದೆ ಎಂದು ಎನ್‌ಟಿಪಿ ಲೆಕ್ಕ ಹಾಕಿ ಹಳೇ ಐಒಎಸ್‌ಗಳಲ್ಲಿ ಆ ಸಂಖ್ಯೆಯನ್ನು ಕಾನ್ಫಿಗ್‌ನಲ್ಲೇ ಇಡುತ್ತದೆ. ಫೈಲ್ ಬರೆಯುವ ಮೊದಲು ಆ ಸಾಲನ್ನು ಸೋಸಿಬಿಡಿ. 'ಕರೆಂಟ್ ಕಾನ್ಫಿಗರೇಷನ್' ಎಂದು ಬೈಟ್ ಲೆಕ್ಕ ಹೇಳುವ ಸಾಲನ್ನೂ, 'ಲಾಸ್ಟ್ ಕಾನ್ಫಿಗರೇಷನ್ ಚೇಂಜ್' ಸಾಲನ್ನೂ ಜೊತೆಗೆ. ಸಿಡಿಲಿಗೆ ಹೋದ ಸ್ವಿಚ್ಚಿನ ಕಾನ್ಫಿಗನ್ನು ಬದಲಿಗೆ ಹಾಕುವಾಗಲೂ ಕ್ಲಾಕ್-ಪೀರಿಯಡ್ ಬಿಟ್ಟೇ ಹಾಕಿ, ಅದು ಸತ್ತ ಸ್ವಿಚ್ಚಿನ ಗಡಿಯಾರದ ಹರಳಿನ ಲೆಕ್ಕ, ಹೊಸದಕ್ಕೆ ಹೊಂದುವುದಿಲ್ಲ.